ಕೆಡದ ಕಂಪ್ಯೂಟರಿಗೆ ಗುಜರಿ ದಾರಿ ತೋರಿಸುವವರು

"ಎಂಟು ವರ್ಷ ಆಯ್ತಲ್ಲ ಸಾರ್, ಇನ್ನೆಷ್ಟು ಅಂತ ದುಡಿಸ್ತೀರ? ಎಕ್ಸ್‌ಚೇಂಜಿಗೆ ಕೊಟ್ಬಿಡಿ." ಕಂಪ್ಯೂಟರ್ ಅಂಗಡಿಯ ಹುಡುಗನಿಂದ ಹಿಡಿದು ದೊಡ್ಡ ಕಂಪನಿಯ ಐಟಿ ಮ್ಯಾನೇಜರ್‌ವರೆಗೆ, ಪತ್ರಿಕೆಯ ತಂತ್ರಜ್ಞಾನ ಅಂಕಣಕಾರರಿಂದ ಯೂಟ್ಯೂಬ್ ಪಂಡಿತರವರೆಗೆ ಎಲ್ಲರೂ ಒಪ್ಪಿಸುವ ಬಾಯಿಪಾಠ ಇದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ ಮೇಲಂತೂ ಕಿವಿ ತೂತಾಗುವಷ್ಟು ಸಲ ಕೇಳಿದ್ದೇವೆ. ವಿಂಡೋಸ್ 11 ಬೇಕು, ಅದು ನಿಮ್ಮ ಯಂತ್ರಕ್ಕೆ ಬರುವುದಿಲ್ಲ, ಆದ್ದರಿಂದ ನಿಮ್ಮ ಯಂತ್ರ ಸತ್ತಿದೆ. ಈ ತರ್ಕ ಎಷ್ಟು ನಯವಾಗಿದೆಯೆಂದರೆ, ನಡುವೆ ಯಾರೋ ಕೂತು ಒಂದು ತೀರ್ಮಾನ ಮಾಡಿದ್ದಾರೆ ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಕಾಲಧರ್ಮ, ಯಾರನ್ನು ದೂರಿ ಏನು ಫಲ ಎನ್ನುವ ಧಾಟಿ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ಬಹುಪಾಲು ಯಂತ್ರಗಳು ಕೆಟ್ಟಿಲ್ಲ, ಅವುಗಳನ್ನು ಕೈಬಿಡಲಾಗಿದೆ. ಬಿಟ್ಟವರು ಯಾರು, ಯಾವಾಗ ಬಿಟ್ಟರು, ಏನು ಕಾರಣ ಕೊಟ್ಟರು ಎಂಬುದೆಲ್ಲ ದಾಖಲೆಯಲ್ಲಿದೆ. ಕಾರಣಗಳನ್ನು ಬಿಚ್ಚಿ ನೋಡಿದರೆ ಕಾಳಿಗಿಂತ ಜೊಳ್ಳೇ ಹೆಚ್ಚು.

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಮುಖ್ಯವಾಗಿ ಮೂರನ್ನು ಕೇಳಿತು: ಟಿಪಿಎಂ 2.0 ಎಂಬ ಭದ್ರತಾ ಘಟಕ, ಸೆಕ್ಯೂರ್ ಬೂಟ್, ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್ ಆದರೆ ಎಂಟನೇ ತಲೆಮಾರು, ಎಎಂಡಿ ಆದರೆ ರೈಜೆನ್ 2000 ಸರಣಿ, ಅದಕ್ಕಿಂತ ಹಿಂದಿನವು ಸಾಮಾನ್ಯವಾಗಿ ಹೊರಗೆ. ಟಿಪಿಎಂ ಕೆಲಸಕ್ಕೆ ಬಾರದ್ದಲ್ಲ. ಡಿಸ್ಕಿನ ಗೂಢಲಿಪಿಯ ಕೀಲಿಯನ್ನು ಅದು ಡಿಸ್ಕಿನಿಂದ ದೂರ, ಬೇರೆಯದೇ ಜಾಗದಲ್ಲಿ ಕಾಯುತ್ತದೆ. ಕದ್ದ ಲ್ಯಾಪ್‌ಟಾಪಿನ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿದವನಿಗೆ ಏನೂ ದಕ್ಕುವುದಿಲ್ಲ. ಇದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಆದರೆ ಹೊಸ ವಿಂಡೋಸ್ ಯಂತ್ರಗಳಲ್ಲಿ ಟಿಪಿಎಂ 2.0 ಇರಲೇಬೇಕೆಂದು ಇದೇ ಮೈಕ್ರೋಸಾಫ್ಟ್ 2016ರ ಜುಲೈ ಕೊನೆಯಿಂದಲೇ ತಯಾರಕರಿಗೆ ಷರತ್ತು ಹಾಕಿತ್ತು. ಆ ಷರತ್ತಿನಂತೆ ತಯಾರಾಗಿ ಬಂದ ಆರನೇ, ಏಳನೇ ತಲೆಮಾರಿನ ಯಂತ್ರಗಳಲ್ಲಿ ಟಿಪಿಎಂ ಇದೆ, ಸೆಕ್ಯೂರ್ ಬೂಟ್ ಕೂಡ ಇದೆ. ಆದರೂ ಅವು ಅನರ್ಹ. ಕೇಳಿದ್ದನ್ನು ಕೊಟ್ಟ ಮೇಲೂ ಬಾಗಿಲು ಮುಚ್ಚಿದ್ದು ಪ್ರೊಸೆಸರ್ ಪಟ್ಟಿ.

ಹಾಗಾದರೆ ಏಳಕ್ಕೂ ಎಂಟಕ್ಕೂ ನಡುವೆ ಎಂಥ ಪ್ರಪಾತವಿದೆ? 2017ರ ಆಗಸ್ಟ್‌ನಲ್ಲಿ ಬಂದ ಮೊದಲ ಎಂಟನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳ ಒಳಗಿದ್ದುದು ಏಳನೆಯದರಲ್ಲಿದ್ದ ಅದೇ ಕೇಬಿ ಲೇಕ್ ವಿನ್ಯಾಸ. ದೊಡ್ಡ ವ್ಯತ್ಯಾಸವೆಂದರೆ ಎರಡು ಕೋರ್ ಇದ್ದದ್ದು ನಾಲ್ಕಾಯಿತು. ವಿಂಡೋಸ್ 11ರ ಭದ್ರತೆಗೆ ಬೆನ್ನೆಲುಬು ಎಂದು ಹೇಳಲಾದ, ಕರ್ನಲ್ ಎಂಬ ತಿರುಳು ಭಾಗದ ಸ್ಮೃತಿಯನ್ನು ಕಾಯುವ ವ್ಯವಸ್ಥೆಯ ಕಥೆಯೂ ಹಾಗೆಯೇ. ಅದು ವೇಗ ಕಳೆದುಕೊಳ್ಳದೆ ನಡೆಯಲು ಬೇಕಾದ ಯಂತ್ರಾಂಶ ಸೌಲಭ್ಯ ಏಳನೇ ತಲೆಮಾರಿನಲ್ಲೇ ಇತ್ತು ಎಂದು ಮೈಕ್ರೋಸಾಫ್ಟಿನ ದಾಖಲೆಗಳೇ ಹೇಳುತ್ತವೆ. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಾದಾಗ ಆಗ ಮಾರುಕಟ್ಟೆಯಲ್ಲಿದ್ದ ಎಂಟನೇ ತಲೆಮಾರಿನ ಚಿಪ್‌ಗಳೂ ಅದರಲ್ಲಿ ಸಿಕ್ಕಿಬಿದ್ದಿದ್ದವು. ಒಳಗೆ ಬಿಟ್ಟದ್ದು ಮಡಿ, ಹೊರಗಿಟ್ಟದ್ದು ಮೈಲಿಗೆ ಎನ್ನಲು ಆಧಾರ ಎಲ್ಲಿದೆ?

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಏಳನೇ ತಲೆಮಾರಿನ ಸಾಮಾನ್ಯ ಲ್ಯಾಪ್‌ಟಾಪ್ ಚಿಪ್‌ಗಳ ಪೈಕಿ ಒಂದಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು: ಕೋರ್ ಐ7-7820ಎಚ್‌ಕ್ಯೂ. ಅದಕ್ಕೇ ಏಕೆ? ಮೈಕ್ರೋಸಾಫ್ಟ್ ತಾನೇ ತಯಾರಿಸಿ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಎಂಬ ದುಬಾರಿ ಯಂತ್ರದಲ್ಲಿ ಇದ್ದದ್ದು ಅದೇ ಚಿಪ್. ತಂತ್ರಜ್ಞಾನದ ಅನಿವಾರ್ಯ ಎಂದು ನಮಗೆ ಪಾಠ ಹೇಳಿದ್ದು ತನ್ನ ಅಂಗಡಿಯ ಸರಕಿನ ವಿಷಯ ಬಂದಾಗ ಅನಿವಾರ್ಯವಾಗಿ ಉಳಿಯಲಿಲ್ಲ. ಈ ಪಟ್ಟಿ ಪ್ರಕೃತಿ ನಿಯಮವಲ್ಲ, ಯಾರೋ ಗೆರೆ ಎಳೆದಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಅಂಕಿಅಂಶವನ್ನೂ ಮುಂದಿಟ್ಟರು. ಅರ್ಹ ಯಂತ್ರಗಳಲ್ಲಿ ಶೇ. 99.8ರಷ್ಟು ಅನುಭವ ಕ್ರ್ಯಾಶ್ ಇಲ್ಲದ್ದು, ಅನರ್ಹ ಯಂತ್ರಗಳಲ್ಲಿ ಕರ್ನಲ್ ಕ್ರ್ಯಾಶ್ ಶೇ. 52ರಷ್ಟು ಹೆಚ್ಚು ಎಂದು 2021ರ ಆಗಸ್ಟ್‌ನಲ್ಲಿ ಕಂಪನಿ ಹೇಳಿತು. ಐವತ್ತೆರಡು ಎಂದ ಕೂಡಲೇ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಯಾವುದಕ್ಕಿಂತ ಐವತ್ತೆರಡು ಹೆಚ್ಚು? ಉಳಿದ 0.2ಕ್ಕಿಂತ ಎಂದಿಟ್ಟುಕೊಂಡರೆ ಅದು 0.3 ಆಗುತ್ತದೆ. ಎರಡೂ ಅಳತೆ ಒಂದೇ ಬಗೆಯದಲ್ಲ, ನನ್ನದು ಒರಟು ಲೆಕ್ಕ. ಎಷ್ಟೇ ಒರಟೆಂದರೂ ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಕಳಿಸುವಷ್ಟು ದೊಡ್ಡ ಸಂಖ್ಯೆ ಅದರಿಂದ ಹೊರಡುವುದಿಲ್ಲ. ಇಷ್ಟೆಲ್ಲ ಹೇಳಿದ ಕಂಪನಿಯೇ ಅನರ್ಹ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಳ್ಳಲು ರಿಜಿಸ್ಟ್ರಿಯಲ್ಲಿ ಏನು ತಿದ್ದಬೇಕೆಂದು ತನ್ನ ಸಹಾಯ ಪುಟದಲ್ಲೇ ಬಹಳ ಕಾಲ ಬರೆದಿಟ್ಟಿತ್ತು. ವಿಂಡೋಸ್ 10ರ ಗಡುವು ಹತ್ತಿರವಾಗುತ್ತಿದ್ದಂತೆ ಆ ಸಾಲುಗಳನ್ನು ಸದ್ದಿಲ್ಲದೆ ಅಳಿಸಿತು.

ಈಗ ಭದ್ರತೆಯ ವಾದಕ್ಕೆ ಬರೋಣ. ಪಂಡಿತರ ಬ್ರಹ್ಮಾಸ್ತ್ರ ಇದೇ: "ಅಪ್‌ಡೇಟ್ ಬರದ ಯಂತ್ರ ಅಪಾಯ, ಬ್ಯಾಂಕ್ ಖಾತೆ ಖಾಲಿಯಾಗುತ್ತದೆ." ಮೊದಲರ್ಧ ಸರಿ. ಆದರೆ ಅಪ್‌ಡೇಟ್ ಬರದೇ ಇರುವುದು ಯಂತ್ರದ ತಪ್ಪೇ? 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನೆಲ್ಲ ಹಿಡಿದಾಗ, ಅದು ನುಗ್ಗಿದ ಬಿರುಕಿಗೆ ಎರಡು ತಿಂಗಳ ಹಿಂದೆಯೇ ತೇಪೆ ಬಂದಿತ್ತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು, ಆಗ ಅದಕ್ಕೆ ಬೆಂಬಲ ಇತ್ತು. ತೇಪೆ ಹಾಕಿದ ಯಂತ್ರ ಉಳಿಯಿತು, ಹಾಕದ್ದು ಹೋಯಿತು. ಯಾವ ವರ್ಷದ ಪ್ರೊಸೆಸರ್ ಎಂದು ಆ ವೈರಸ್ ಕೇಳಲಿಲ್ಲ. ಮೂರು ವರ್ಷ ಮೊದಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ದಾಳಿಯ ಬೆನ್ನಲ್ಲೇ ತೇಪೆ ಬಿಟ್ಟಿತು. ಅಂದರೆ ತೇಪೆ ಕೊಡಲು ಆಗುವುದಿಲ್ಲ ಎನ್ನುವುದಲ್ಲ, ಕೊಡುವುದಿಲ್ಲ ಎನ್ನುವುದು ನಿಜ.

ವಿಂಡೋಸ್ 10ರಲ್ಲಿ ಅದು ಇನ್ನೂ ಬೆತ್ತಲೆಯಾಗಿ ಕಾಣುತ್ತದೆ. ಬೆಂಬಲ ನಿಂತಿತು ಎನ್ನುತ್ತೇವಲ್ಲ, ತೇಪೆಗಳ ತಯಾರಿಕೆ ನಿಂತಿದೆಯೇ? ಇಲ್ಲ. ಮನೆಬಳಕೆಯವರಿಗೆ 30 ಡಾಲರ್ ಕೊಟ್ಟರೆ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ತೇಪೆ ಕೊಡುವುದಾಗಿ ಕಂಪನಿ ಘೋಷಿಸಿತು. ದುಡ್ಡು ಬೇಡವೆಂದರೆ ನಿಮ್ಮ ಸೆಟ್ಟಿಂಗ್‌ಗಳನ್ನು ಅದರ ಕ್ಲೌಡಿಗೆ ಒಪ್ಪಿಸಬೇಕು, ಇಲ್ಲವೇ ಅದರ ರಿವಾರ್ಡ್ಸ್ ಯೋಜನೆಯಲ್ಲಿ 1000 ಪಾಯಿಂಟ್ ಕೂಡಿಟ್ಟಿರಬೇಕು. ಕಂಪನಿಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷ ವರ್ಷ ದುಪ್ಪಟ್ಟು, ಹೀಗೆ ಮೂರು ವರ್ಷ. ಯುರೋಪಿನ ಗ್ರಾಹಕ ಸಂಘಟನೆಗಳು ಪತ್ರ ಬರೆದು ತಗಾದೆ ಎತ್ತಿದ ಮೇಲೆ ಅಲ್ಲಿಯವರಿಗೆ ಕ್ಲೌಡಿನ ಷರತ್ತೂ ಇಲ್ಲದೆ ಉಚಿತ. ಇನ್ನು ವಿಶೇಷ ಉಪಕರಣಗಳಿಗೆಂದು ಮಾರುವ ವಿಂಡೋಸ್ 10 ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಎಂಬ ಆವೃತ್ತಿಗೆ 2032ರ ಜನವರಿಯವರೆಗೆ ಬೆಂಬಲ ಉಂಟು. ಮೂಟೆ ಒಂದೇ, ಅಕ್ಕಿ ಒಂದೇ, ಗಿರಾಕಿಯ ಮುಖ ನೋಡಿ ಸೇರಿನ ಅಳತೆ ಬದಲಾಗುತ್ತಿದೆ. ಇಷ್ಟಾದ ಮೇಲೂ "ಹಳೇ ಸಿಸ್ಟಮ್ಮಿಗೆ ತೇಪೆ ಬರೆಯುವುದು ಕಷ್ಟ ಸಾರ್" ಎಂದು ಕಂಪನಿಯ ಪರವಾಗಿ ವಕಾಲತ್ತು ವಹಿಸುವ ನಮ್ಮ ಪಂಡಿತರಿಗೆ ಯಾವ ವಕೀಲಿ ಫೀಸು ಸಿಗುತ್ತದೋ ತಿಳಿಯದು.

ನಮ್ಮ ಗ್ರಾಹಕ ಸಂಘಟನೆಗಳು ಅಂಥದೊಂದು ಪತ್ರವನ್ನು ಯಾಕೆ ಬರೆಯಲಿಲ್ಲ? ನಾವೇ ಕೇಳಲಿಲ್ಲ. ಹೊಸದು ಕೊಳ್ಳುವುದೇ ಸರಿ ಎಂದು ಮೊದಲೇ ನಂಬಿಬಿಟ್ಟಿದ್ದೆವು.

ಇದರ ಭಾರ ಯಾರ ಹೆಗಲಿಗೆ ಬೀಳುತ್ತದೆಂದು ನೋಡಲು ಒಂದು ತಾಲೂಕು ಕೇಂದ್ರದ ಡಿಟಿಪಿ ಅಂಗಡಿಗೆ ಬನ್ನಿ. ನನಗೆ ಚೆನ್ನಾಗಿ ಗೊತ್ತಿರುವ ಅಂಗಡಿ. ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಯಂತ್ರದ ಪಕ್ಕ, ಆರನೇ ತಲೆಮಾರಿನ ಐ5 ಇರುವ ಕಪ್ಪು ಡಬ್ಬ. ಅದರಲ್ಲಿ ಪೇಜ್‌ಮೇಕರ್ 7. ಅಡೋಬಿ 2001ರಲ್ಲಿ ತಂದು ಕೆಲವೇ ವರ್ಷಗಳಲ್ಲಿ ಅಭಿವೃದ್ಧಿ ನಿಲ್ಲಿಸಿದ, ಆದರೆ ಕನ್ನಡದ ಮುದ್ರಣ ಲೋಕ ಇನ್ನೂ ಬಿಡದ ತಂತ್ರಾಂಶ. ಜೊತೆಗೆ ನುಡಿಯ ಹಳೆಯ ಫಾಂಟುಗಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಹತ್ತಾರು ವರ್ಷದ ಫೈಲುಗಳೆಲ್ಲ ಅದರೊಳಗೆ. "ಹೋದ ವರ್ಷದ್ದೇ ಇರಲಣ್ಣ, ತಾರೀಕು ಒಂದು ಬದಲಾಯ್ಸು" ಎಂದು ಬರುವವರೇ ಅರ್ಧ ಗಿರಾಕಿಗಳು. ಲೇಸರ್ ಪ್ರಿಂಟರ್ ಇನ್ನೂ ಹಳೆಯದು. ಟೋನರ್ ರೀಫಿಲ್ ಮಾಡಿಸಿ ಮಾಡಿಸಿ ಕಾರ್ಟ್ರಿಡ್ಜಿನ ಮೇಲಿನ ಸ್ಟಿಕ್ಕರ್ ಅಳಿಸಿಹೋಗಿದೆ. ಯಂತ್ರದ ವೇಗದ ಬಗ್ಗೆ ಆತನಿಂದ ಒಂದು ದೂರೂ ಇಲ್ಲ. ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಅವನಿಗೆ ಅದು ಹೊಸದೇ.

ಸರ್ವಿಸಿನ ಹುಡುಗ ಬಂದು "ಅಣ್ಣಾ, ಇದಕ್ಕೆ ಇಲೆವೆನ್ ಕೂರಲ್ಲ, ಎರಡು ಸಾವಿರಕ್ಕೆ ಎಕ್ಸ್‌ಚೇಂಜ್ ಮಾಡಿಸ್ತೀನಿ, ಮೇಲೆ ಮೂವತ್ತೈದು ಹಾಕಿ" ಎಂದಾಗ ಅವನು ಕೇಳಿದ ಪ್ರಶ್ನೆ ಯಾವ ತಂತ್ರಜ್ಞಾನ ಅಂಕಣದಲ್ಲೂ ಬಂದದ್ದು ನಾನು ನೋಡಿಲ್ಲ: "ಪ್ರಿಂಟರ್ ನಡೆಯುತ್ತಾ?" ಹುಡುಗ ತಲೆ ಕೆರೆದುಕೊಂಡ. ಪ್ರಿಂಟರ್, ಸ್ಕ್ಯಾನರ್, ಹಳೆ ಲಿಪಿ ತಂತ್ರಾಂಶದ ಡಾಂಗಲ್, ಇವೆಲ್ಲ ಡ್ರೈವರ್ ಎಂಬ ದಾರದ ಮೇಲೆ ನಿಂತಿವೆ. ತಯಾರಕರು ಹೊಸ ಡ್ರೈವರ್ ಬರೆಯದೆ ಕೂತರೆ ಆ ಯಂತ್ರಗಳೂ ಕಂಪ್ಯೂಟರಿನ ಹಿಂದೆ ಒಂದೊಂದಾಗಿ ಹೋಗುತ್ತವೆ. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ಆದ್ದರಿಂದ ಹಳೆ 32-ಬಿಟ್ ವಿಂಡೋಸಿನಲ್ಲಿ ಇನ್ನೂ ನಡೆಯುತ್ತಿದ್ದ ಡಾಸ್ ಕಾಲದ ಲೆಕ್ಕದ ತಂತ್ರಾಂಶಗಳಿಗೂ ಅಲ್ಲಿ ನೇರವಾಗಿ ಜಾಗವಿಲ್ಲ. "ಬರೀ ಮೂವತ್ತೈದು ಸಾವಿರ" ಎನ್ನುವವರು ಈ ಬಾಲವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಮೊತ್ತದೊಳಗೆ ಶೇ. 18 ಜಿಎಸ್‌ಟಿ ಕೂತಿರುತ್ತದೆ ಎಂಬುದು ಬೇರೆ ಮಾತು. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳೆಲ್ಲ ಎಐ ಡೇಟಾ ಸೆಂಟರ್‌ಗಳತ್ತ ಹರಿದು ರ‍್ಯಾಮ್ ಬೆಲೆ ಗಗನಕ್ಕೇರಿದೆ. ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಹೇಳಿತು. ಹೊಸದು ಕೊಳ್ಳಿ ಎನ್ನಲು ಇದಕ್ಕಿಂತ ಕೆಟ್ಟ ಕಾಲ ಸಿಗುವುದು ಕಷ್ಟ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವರಿಗೆ ಇದರ ಇನ್ನೊಂದು ತುದಿ ಕಾಣುತ್ತದೆ. ಐಟಿ ಕಂಪನಿಗಳು ಬಿಟ್ಟುಕೊಟ್ಟ ಲ್ಯಾಪ್‌ಟಾಪುಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು. ಹೊಸದಕ್ಕೆ ದುಡ್ಡಿಲ್ಲದ ಡಿಪ್ಲೊಮಾ ಹುಡುಗ, ಊರಿನ ಟೈಪಿಂಗ್ ಸೆಂಟರಿನವರು, ಮಗಳ ಆನ್‌ಲೈನ್ ಕ್ಲಾಸಿಗೆಂದು ಬರುವ ಆಟೋ ಚಾಲಕ, ಇವರೆಲ್ಲ ಕೊಳ್ಳುವುದು ಅಲ್ಲೇ. ಬೆಂಬಲ ನಿಲ್ಲಿಸಿದ ಕಂಪನಿಗೆ ಇವರಾರೂ ಗ್ರಾಹಕರಲ್ಲ. ಭದ್ರತೆಯಿಲ್ಲದ ವಿಂಡೋಸ್ 10ರ ಅಪಾಯ ಮಾತ್ರ ನೇರವಾಗಿ ಇವರ ಮನೆಗೆ ಬರುತ್ತದೆ. ವಿಂಡೋಸ್ 10ರ ಗಡುವಿನಿಂದ ಸುಮಾರು 24 ಕೋಟಿ ಯಂತ್ರಗಳು ಗುಜರಿ ಪಾಲಾಗಬಹುದೆಂದು ಕೆನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. 2022ರಲ್ಲಿ ಜಗತ್ತು ಹುಟ್ಟಿಸಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಲೆಕ್ಕಕ್ಕೆ ಸಿಗುವಂತೆ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಉಳಿದದ್ದು ಎಲ್ಲಿ ಹೋಯಿತು ಎಂದರೆ, ಒಂದು ಪಾಲು ದೆಹಲಿಯ ಸೀಲಂಪುರದಂಥ ಗಲ್ಲಿಗಳಲ್ಲಿ ಬರಿಗೈಯಲ್ಲಿ ಬೋರ್ಡ್ ಒಡೆಯುವವರ ಮುಂದೆ. "ರೀಸೈಕಲ್ ಮಾಡ್ತಾರೆ ಬಿಡಿ" ಎಂದು ಕೈತೊಳೆದುಕೊಳ್ಳುವವರು ಒಮ್ಮೆ ಆ ಕಡೆ ಹೋಗಿಬರಲಿ.

ಇನ್ನೊಂದು ಪಂಗಡದವರಿದ್ದಾರೆ. ಇವರು ಸಾಮಾನ್ಯವಾಗಿ ನನ್ನ ಪಕ್ಷದವರೇ, ಆದ್ದರಿಂದ ಇವರ ಮೇಲೆ ಸಿಟ್ಟು ಸ್ವಲ್ಪ ಹೆಚ್ಚು. ಏನು ಕೇಳಿದರೂ "ಲಿನಕ್ಸ್ ಹಾಕ್ಕೊಳ್ಳಿ, ಮುಗೀತು" ಎನ್ನುತ್ತಾರೆ. ಬ್ರೌಸರ್, ಇ-ಮೇಲ್, ಪಾಠ, ಬ್ಯಾಂಕಿಗೆ ಕಂಪ್ಯೂಟರ್ ಬಳಸುವವರಿಗೆ ಇದು ಒಳ್ಳೆಯ ಸಲಹೆ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಯೂನಿಕೋಡ್ ಕನ್ನಡದ ಬೆರಳಚ್ಚು ಅದರಲ್ಲಿ ಸಲೀಸು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಮುಕ್ತ ತಂತ್ರಾಂಶದ ಮೇಲೆಯೇ ಪಾಠ ನಡೆಸುತ್ತಿವೆ. ಆದರೆ ನಮ್ಮ ಡಿಟಿಪಿಯವನಿಗೆ ಹೇಳಿ ನೋಡಿ. ಅವನ ಫೈಲುಗಳು ಪೇಜ್‌ಮೇಕರಿನವು, ಅಕ್ಷರಗಳು ಯೂನಿಕೋಡಿಗೆ ಮೊದಲಿನ ಸಂಕೇತದವು, ಪ್ರಿಂಟರಿನ ಡ್ರೈವರ್ ಸಿಕ್ಕರೆ ಪುಣ್ಯ. ಒಂದು ರಾತ್ರಿಯಲ್ಲಿ ಅವನನ್ನು ದಾಟಿಸುತ್ತೇನೆ ಎನ್ನುವವನು ಅವನ ಅಂಗಡಿಯಲ್ಲಿ ಮದುವೆ ಸೀಜನ್ನಿನ ಒಂದು ವಾರ ಕೂತು ಬರಬೇಕು.

ಲಿನಕ್ಸ್ ಲೋಕದವರೂ ಹಳೆಯದನ್ನು ಕೈಬಿಡುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ತೊಡಗಿದ್ದು 386 ಯಂತ್ರದ ಮೇಲೆ, ಆ 386ಕ್ಕೇ 2012ರಲ್ಲಿ ಕರ್ನಲ್ ವಿದಾಯ ಹೇಳಿತು. ಇದನ್ನು ನಾನು ದೂರುವುದಿಲ್ಲ. 1985ರ ಆ ಚಿಪ್ಪಿಗೆ ಆಗಲೇ 27 ವರ್ಷವಾಗಿತ್ತು, ಅದನ್ನು ಬಳಸುವವರೂ ಹೆಚ್ಚೇನೂ ಇರಲಿಲ್ಲ. ಮೇಲಾಗಿ ಹಳೆಯ ಆವೃತ್ತಿಯ ಮೂಲ ಸಂಕೇತ ಇಂದಿಗೂ ಬಯಲಲ್ಲಿದೆ, ಬೇಕಾದವನು ಎತ್ತಿಕೊಂಡು ರಿಪೇರಿ ಮಾಡಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಬೇಕು. ಅದಿಲ್ಲದ ಕೋರ್ 2 ಡ್ಯುಯೊ ಕಾಲದ ಯಂತ್ರದಲ್ಲಿ ಅದು ಬೂಟ್ ಕೂಡ ಆಗುವುದಿಲ್ಲ. ಅದೂ ಒಪ್ಪತಕ್ಕ ಮಾತೇ, ಅಲ್ಲಿ ನಿಜವಾದ ತಾಂತ್ರಿಕ ಗೋಡೆ ಇದೆ. ಬಿಡುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಓಡಬಲ್ಲದ್ದನ್ನು ಬಿಟ್ಟು, ತೇಪೆಯನ್ನು ಗೋದಾಮಿನಲ್ಲಿಟ್ಟುಕೊಂಡು, ಬೇರೆಯವರು ಹಾಕಲಾಗದಂತೆ ಬೀಗ ಜಡಿದು, ಆಮೇಲೆ "ನಿಮ್ಮ ಯಂತ್ರ ಹಳೇದು" ಎನ್ನುವುದು ನನ್ನ ಆಕ್ಷೇಪ.

"ಗಡುವನ್ನು 2015ರಲ್ಲೇ ಹೇಳಿದ್ದರಲ್ಲ" ಎನ್ನುವವರಿಗೂ ಉತ್ತರ ಉಂಟು. ಹೌದು, ವಿಂಡೋಸ್ 10ಕ್ಕೆ ಹತ್ತು ವರ್ಷ ಎಂದು ಮೊದಲೇ ಪ್ರಕಟಿಸಿದ್ದರು. ಅದೇ ವರ್ಷ ಇದೇ ಕೊನೆಯ ವಿಂಡೋಸ್ ಎಂದು ಕಂಪನಿಯ ಅಧಿಕಾರಿಯೊಬ್ಬರು ವೇದಿಕೆಯ ಮೇಲೆ ಆಡಿದ ಮಾತನ್ನೂ ಜಗತ್ತು ನಂಬಿತ್ತು. ವಿಂಡೋಸ್ 7 ಇದ್ದವರಿಗೆ 10 ಪುಕ್ಕಟೆ ಸಿಕ್ಕಿತ್ತು, ಹಳೆ ಯಂತ್ರದಲ್ಲೇ ಕೂತಿತ್ತು. 2018ರಲ್ಲಿ ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಕೊಂಡವನಿಗೆ ಮುಂದಿನದು ಇದಕ್ಕೆ ಬರುವುದಿಲ್ಲ ಎಂದು ಅಂಗಡಿಯವನು ಹೇಳಲಿಲ್ಲ. ಹೇಳಲು ಅವನಿಗೂ ಗೊತ್ತಿರಲಿಲ್ಲ. ಆ ಪಟ್ಟಿ ಬಂದದ್ದು 2021ರಲ್ಲಿ.

ಇರಲಿ, ಸದ್ಯಕ್ಕೆ ಮಾಡುವುದೇನು? ಡಿಟಿಪಿ ಅಂಗಡಿಯಲ್ಲಿ ಮಾಡಿದ್ದನ್ನೇ ಹೇಳುತ್ತೇನೆ. ಮೊದಲು ಫೈಲುಗಳೆಲ್ಲ ಎರಡು ಪ್ರತಿ, ಒಂದು ಅಂಗಡಿಯಿಂದ ಹೊರಗೆ. ಪೇಜ್‌ಮೇಕರ್ ಇರುವ ಡಬ್ಬದಿಂದ ಇಂಟರ್‌ನೆಟ್ ತಂತಿ ಕಿತ್ತಿದ್ದಾಯಿತು. ಕರಪತ್ರ ತಿದ್ದಲು ಅದು ಬೇಕಾಗಿಯೇ ಇಲ್ಲ. ಗಿರಾಕಿಗಳ ಪೆನ್‌ಡ್ರೈವ್, ವಾಟ್ಸ್ಆ್ಯಪ್, ಇ-ಮೇಲ್ ಎಲ್ಲ ಎಸ್.ಪಿ. ರೋಡಿನಿಂದ ತಂದು ಮಿಂಟ್ ಹಾಕಿದ ಇನ್ನೊಂದು ಹಳೆ ಲ್ಯಾಪ್‌ಟಾಪಿನಲ್ಲಿ. ಯುಪಿಐ ಫೋನಿನಲ್ಲೇ. ಹೊಸ ಕೆಲಸಗಳನ್ನು ಯೂನಿಕೋಡಿನಲ್ಲಿ ಶುರುಮಾಡಿದ್ದಾನೆ, ಹಳೆಯವು ಹಳೆಯ ಜಾಗದಲ್ಲೇ ಇರಲಿ. ಮನೆಯಲ್ಲಿ ಇಂಟರ್‌ನೆಟ್ಟಿಗೆಂದೇ ವಿಂಡೋಸ್ 10 ಬಳಸುವವರು ಹೆಚ್ಚುವರಿ ಬೆಂಬಲಕ್ಕೆ ಹೆಸರು ನೋಂದಾಯಿಸಿ, ಸಿಗುವಷ್ಟು ದಿನ ಪಡೆದುಕೊಳ್ಳುವುದು ಲೇಸು. ಯಾವುದನ್ನೇ ತಿದ್ದುವ ಮೊದಲು, ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರಿನ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಅದನ್ನು ಕಳೆದುಕೊಂಡು ತಲೆ ಚಚ್ಚಿಕೊಂಡವರು ಬಹಳ ಮಂದಿ.

ಇದೆಲ್ಲ ತಾತ್ಕಾಲಿಕ. ಯುರೋಪಿನ ಒಕ್ಕೂಟ 2025ರ ಜೂನ್‌ನಿಂದ ಫೋನುಗಳಿಗೆ ಕನಿಷ್ಠ ಐದು ವರ್ಷ ತಂತ್ರಾಂಶ ಅಪ್‌ಡೇಟ್ ಕೊಡಲೇಬೇಕೆಂಬ ನಿಯಮ ತಂದಿದೆ. ನಮ್ಮ 2022ರ ಇ-ತ್ಯಾಜ್ಯ ನಿಯಮಗಳು ಕಸವಾದ ಮೇಲಿನ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಕೆಡದ ಯಂತ್ರ ಕಸವಾಗದಂತೆ ತಡೆಯುವ ಹೊಣೆಯನ್ನೂ ಅವರ ಮೇಲೆಯೇ ಹಾಕಬೇಕು. ಶಾಲೆ, ಪಂಚಾಯಿತಿ, ನಾಡಕಚೇರಿಗಳಿಗೆ ಸಾವಿರಗಟ್ಟಲೆ ಕಂಪ್ಯೂಟರ್ ಕೊಳ್ಳುವ ಸರ್ಕಾರ, ಯಾವ ತಾರೀಖಿನವರೆಗೆ ಭದ್ರತಾ ಅಪ್‌ಡೇಟ್ ಎಂಬುದನ್ನು ಟೆಂಡರಿನಲ್ಲೇ ಷರತ್ತಾಗಿ ಬರೆಯಲಿ. ನೀವೂ ಮುಂದಿನ ಸಲ ಅಂಗಡಿಗೆ ಹೋದಾಗ ಅದೇ ತಾರೀಖನ್ನು ಕೇಳಿ, ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡಲು ಹೇಳಿ. ಬರೆದುಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗಿ.